ಎಷ್ಟು ಕೈ ತೊಳೆದರೂ ಮುಗಿಯದ ಪೂಜೆ

ಸಲಹೆ ಕೇಳ್ಕೊಂಡು ನನ್ನ ಹತ್ರ ಬಂದ ಇವ್ರನ್ನ ಎನ್ ಅಂತ ಕರೀತೀನಿ, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ. ಡೆನ್ಮಾರ್ಕಿನವ್ರು, ಮೂವತ್ತರ ಆಸುಪಾಸು, ಕ್ರೈಸ್ತ ಮನೆತನದಲ್ಲಿ ಹುಟ್ಟಿ ಈಗ ನಾರ್ಸ್, ಅಂದ್ರೆ ಹಳೇ ಸ್ಕ್ಯಾಂಡಿನೇವಿಯಾದ ದೇವ್ರುಗಳಾದ ಓಡಿನ್, ಥಾರ್ ಜೊತೆಗೆ ಪ್ರಾಚೀನ ಗ್ರೀಕರ ದೇವತೆಗಳಾದ ಜ್ಯೂಸ್, ಹೆಸ್ಟಿಯಾನೂ ಪೂಜೆ ಮಾಡ್ತಾರೆ. ಹಳೇ ಗ್ರಂಥದಲ್ಲಿ ಇರೋ ಹಾಗೇ ನಡೀಬೇಕು ಅನ್ನೋ ಹಟ.

ಕ್ರಿ.ಪೂ. 700ರ ಸುಮಾರಿನ ಗ್ರೀಕ್ ಕವಿ ಹೆಸಿಯೋಡ್, ಕೈ ತೊಳೀದೆ ಬೆಳಿಗ್ಗೆ ಜ್ಯೂಸ್‌ಗೆ ವೈನ್ ಎರೀಬೇಡ ಅಂದಿದಾನೆ. ಎನ್ ತೊಳೀತಾರೆ, ಸರಿಯಾಗಿ ತೊಳೆದ್ನಾ ಅಂತ ಡೌಟು, ಮತ್ತೆ ತೊಳೀತಾರೆ, ಮಧ್ಯೆ ಒಂದು ಮಾತು ತಪ್ಪಿದ್ರೆ ಮೊದಲಿಂದ ಶುರು, ಕೈ ಚರ್ಮ ಬಿರಿದಿತ್ತು, ಆಫೀಸಿಗೆ ದಿನಾ ಲೇಟು. ನಾರ್ಸ್ ಕಡೆ ಕಷ್ಟ ಉಲ್ಟಾ, ಪೂಜಾವಿಧಿ ಬರೆದಿಟ್ಟ ಪುಸ್ತಕವೇ ಉಳಿದಿಲ್ಲ. ನಾರ್ಸ್ ದೇವ್ರುಗಳ ಕಥೆ ಇರೋ 'ಗದ್ಯ ಎಡ್ಡಾ' ಪುಸ್ತಕ ಬರೆದ ಐಸ್‌ಲ್ಯಾಂಡಿನ ಸ್ನೋರಿ ಸ್ವತಃ ಕ್ರೈಸ್ತ, ಅದೂ ಐಸ್‌ಲ್ಯಾಂಡ್ ಕ್ರೈಸ್ತ ಮತಕ್ಕೆ ಬದಲಾಗಿ ಎರಡು ಶತಮಾನ ಆದ್ಮೇಲೆ, 1220ರ ಹೊತ್ತಿಗೆ ಬರೆದಿದ್ದು. ಹಾಗಾಗಿ ಎಲ್ಲಿ ತಪ್ಪಾಯ್ತೋ, ದೇವ್ರಿಗೆ ಸಿಟ್ಟು ಬಂತೋ ಅನ್ನೋ ಭಯ.

ಅವ್ರ ನಂಬಿಕೆ ಬಗ್ಗೆ ನಾನೇನೂ ತಕರಾರು ತೆಗೀಲಿಲ್ಲ. ನಮ್ಮ ಕಡೆ ಮಡಿ ವಿಪರೀತ ಆದವ್ರನ್ನ ನೋಡಿದ್ರೆ ಇದು ಹೊಸದೂ ಅಲ್ಲ, ದೇವ್ರು ಯಾರಾದ್ರೇನು, ಗೀಳು ಒಂದೇ. ಓಡಿನ್‌ನ ಮಾತು ಅಂತಾನೇ ಬರೋ 'ಹಾವಮಾಲ್' ಅನ್ನೋ ಹಳೇ ನಾರ್ಸ್ ಕವಿತೇಲಿ, ಅತಿಯಾಗಿ ಬಲಿ ಕೊಡೋದಕ್ಕಿಂತ ಬೇಡಿಕೊಳ್ಳದೇ ಇರೋದೇ ವಾಸಿ ಅಂತಿದೆ. ಹೆಸಿಯೋಡನೂ ಯಥಾಶಕ್ತಿ ಅರ್ಪಿಸು ಅಂತಾನೆ. ಇವೆರಡನ್ನೂ ಮುಂದಿಟ್ಟೆ, ಮುಖ ಅರಳಿತು. ಮುಂದಿನ ವಾರ ಬಂದು 'ಅತಿ ಅಂದ್ರೆ ಎಷ್ಟು, ಯಾವ ಅನುವಾದದಲ್ಲಿ ಹಾಗಿದೆ' ಅಂತ ಶುರು! ಧೈರ್ಯ ಹೇಳೋ ಶ್ಲೋಕವೂ ಗೀಳಿಗೆ ಆಹಾರ ಆಗತ್ತೆ. ಆಮೇಲೆ ಗ್ರಂಥದ ಚರ್ಚೆ ನಿಲ್ಲಿಸಿದ್ವಿ.

ಕೊಟ್ಟ ಸಲಹೆ ಇಷ್ಟು: ಒಂದೇ ಸಲ ಕೈ ತೊಳೀರಿ, ಎರೀರಿ, ಮಾತು ತಪ್ಪಿದ್ರೆ ಹಾಗೇ ಮುಂದುವರೀರಿ, ಡೌಟು ಬಂದ್ರೆ ಬರ್ಲಿ ಬಿಡಿ, ಉತ್ತರ ಹುಡುಕೋಕೆ ಹೋಗ್ಬೇಡಿ. 'ಸರಿಯಾಯ್ತಾ' ಅಂತ ಕೇಳಿದ್ರೆ ಹೆಂಡ್ತಿ ಉತ್ತರ ಕೊಡಬಾರದು ಅಂತ ಮೂವರೂ ಕೂತು ಒಪ್ಕೊಂಡ್ವಿ, ಪಾಪ ಅವ್ರಿಗೆ ಅದೇ ದೊಡ್ಡ ರಿಲೀಫು. ಗೀಳಿನ ಚಿಕಿತ್ಸೆ ನನ್ನ ಕೈಲಾಗೋ ಕೆಲಸ ಅಲ್ಲ, ಅದಕ್ಕೆ ಸೈಕಾಲಜಿಸ್ಟ್ ಹತ್ರ ಕಳಿಸಿದೆ, ಭಯ ಎದುರಿಸಿ ಕೈ ತೊಳೀದೇ ತಡ್ಕೊಳೋ ಥೆರಪಿ ಈಗ ನಡೀತಿದೆ, ಮಾತ್ರೆ ಬೇಕಾ ಅಂತ ಡಾಕ್ಟರ್ ನೋಡ್ತಿದಾರೆ. ಪೂಜೆ ನಿಲ್ಲಿಸಿಲ್ಲ, ನಿಲ್ಲಿಸಿ ಅಂತ ನಾನೂ ಹೇಳಿಲ್ಲ.