ಲೈಬ್ರರಿ ಫೈಲಿಗೆ ಕೈ ಹಾಕಬೇಡಿ

ಪ್ರಶ್ನೆ: ನಮ್ಮದು ಪಿಎಚ್‌ಪಿಯಲ್ಲಿ ಬರೆದ ಬಿಲ್ಲಿಂಗ್ ಸಾಫ್ಟ್‌ವೇರ್. ಬಿಲ್ಲಿನ ಪಿಡಿಎಫ್‌ನಲ್ಲಿ ರೂಪಾಯಿ ಚಿಹ್ನೆ ಬರಬೇಕಾದ ಕಡೆ ಪ್ರಶ್ನೆ ಗುರುತು ಬರುತ್ತಿತ್ತು. ಪಿಡಿಎಫ್ ಮಾಡಿಕೊಡುವ ಡಾಮ್‌ಪಿಡಿಎಫ್ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಒಳಗೇ ಎರಡು ಸಾಲು ತಿದ್ದಿದೆ, ಸರಿಹೋಯ್ತು. ತಪ್ಪೇನು ಸರ್?

ಉತ್ತರ: ಎಲ್ಲರೂ ‘ಎರಡೇ ಸಾಲು ಸರ್’ ಅಂತಲೇ ಬರೆಯುತ್ತಾರೆ. ಆ ಎರಡು ಸಾಲು ಈಗ ಎಲ್ಲಿವೆ? ನಿಮ್ಮ ಲ್ಯಾಪ್‌ಟಾಪಿನಲ್ಲಿ, ಲೈಬ್ರರಿಗಳು ಬಂದು ಕೂರುವ ವೆಂಡರ್ ಫೋಲ್ಡರ್‌ನಲ್ಲಿ. ಆ ಫೋಲ್ಡರನ್ನು ಸಾಮಾನ್ಯವಾಗಿ ಯಾರೂ ಗಿಟ್‌ಗೆ (ನಮ್ಮ ಕೋಡಿನ ಪ್ರತಿ ಬದಲಾವಣೆಯನ್ನೂ ಕಾಯ್ದಿಡುವ ವ್ಯವಸ್ಥೆ) ಹಾಕುವುದಿಲ್ಲ. ನಾಳೆ ಹೊಸ ಸರ್ವರ್‌ನಲ್ಲಿ, ಲೈಬ್ರರಿಗಳನ್ನು ಇಳಿಸಿಕೊಡುವ ಕಂಪೋಸರ್‌ಗೆ ಇನ್‌ಸ್ಟಾಲ್ ಅಂತ ಕೊಟ್ಟರೆ ಮೂಲ ಲೈಬ್ರರಿ ಬಂದು ಕೂರುತ್ತದೆ, ನಿಮ್ಮ ತಿದ್ದುಪಡಿ ಹೋಯಿತು.

ಒಬ್ಬ ಸಗಟು ವ್ಯಾಪಾರಿಯ ಅಂಗಡಿಯಲ್ಲಿ ಹೀಗೇ ಆಯಿತು. ಮಾರ್ಚ್ ಕೊನೆಯ ವಾರ ಸರ್ವರ್ ಬದಲಿಸಿದರು. ಮಾರನೆ ದಿನದಿಂದ ಬಿಲ್ಲುಗಳಲ್ಲಿ ಪೈಸೆ ಲೆಕ್ಕ ತಪ್ಪತೊಡಗಿತು. ರೌಂಡ್ ಆಫ್ ಲೆಕ್ಕವನ್ನು ಯಾರೋ ಲೈಬ್ರರಿಯೊಳಗೆ ತಿದ್ದಿದ್ದರು. ತಿದ್ದಿದ ಹುಡುಗ ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತು. ಹಳೇ ಫೋಲ್ಡರ್, ಹೊಸ ಫೋಲ್ಡರ್ ಎರಡನ್ನೂ ಪಕ್ಕಪಕ್ಕ ಇಟ್ಟು ಹುಡುಕುತ್ತಾ ಎರಡು ರಾತ್ರಿ ಕೂತಿದ್ದೆ. ಅದಕ್ಕೇ ಈ ಸಿಟ್ಟು.

ನಿಮ್ಮ ಸಮಸ್ಯೆಗೆ ಲೈಬ್ರರಿ ಮುಟ್ಟುವ ಅಗತ್ಯವೇ ಇರಲಿಲ್ಲ. ರೂಪಾಯಿ ಚಿಹ್ನೆ ಬಂದದ್ದು 2010ರಲ್ಲಿ. ಪಿಡಿಎಫ್‌ನ ಹಳೇ ಮೂಲ ಫಾಂಟುಗಳಲ್ಲಿ ಅದು ಇಲ್ಲ. ನಿಮ್ಮ ಬಿಲ್ ಟೆಂಪ್ಲೇಟಿನಲ್ಲಿ ಫಾಂಟ್ ‘ದೇಜಾವು ಸ್ಯಾನ್ಸ್’ ಅಂತ ಬರೆಯಿರಿ, ಅಷ್ಟೇ ಸಾಕು. ಆ ಸಾಲು ನಿಮ್ಮದೇ ಫೈಲಿನಲ್ಲಿರುತ್ತದೆ.

ಮುಂದಕ್ಕೂ ಇದೇ ರೂಢಿ ಇರಲಿ. ‘ಬಿಲ್ ಪ್ರಿಂಟರ್’ ಅಂತ ನಿಮ್ಮದೇ ಒಂದು ಕ್ಲಾಸ್ (ಒಂದು ಕೆಲಸಕ್ಕೆ ಮೀಸಲಾದ ಕೋಡಿನ ತುಂಡು) ಮಾಡಿ. ಲೈಬ್ರರಿಯನ್ನು ಅದೊಂದೇ ಕರೆಯಬೇಕು. ಉಳಿದ ನೂರು ಸ್ಕ್ರೀನುಗಳಿಗೆ ಡಾಮ್‌ಪಿಡಿಎಫ್ ಹೆಸರೂ ಗೊತ್ತಿರಬಾರದು. ದಿನಾಂಕದ ಕೆಲಸ ಮಾಡುವ ಲೈಬ್ರರಿ ಮೊಮೆಂಟ್‌ಜೆಎಸ್‌ನ ತಂಡ 2020ರಲ್ಲಿ ‘ಇನ್ನು ಹೊಸದೇನೂ ಸೇರಿಸುವುದಿಲ್ಲ’ ಎಂದಾಗ, ದಿನಾಂಕದ ಕೆಲಸವನ್ನೆಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಂಡವರು ಆ ಒಂದು ಫೈಲ್ ಬದಲಿಸಿದರೆ ಸಾಕಿತ್ತು. ಲೈಬ್ರರಿಯಲ್ಲೇ ನಿಜವಾದ ದೋಷವಿದ್ದರೆ ಫೋರ್ಕ್ ಮಾಡಿ (ಅಂದರೆ ಅದರ ನಿಮ್ಮದೇ ಪ್ರತಿ ಮಾಡಿಕೊಂಡು ಅಲ್ಲಿ ತಿದ್ದಿ), ಕಂಪೋಸರ್ ಫೈಲಿನಲ್ಲಿ ಅದನ್ನೇ ತೋರಿಸಿ, ಮೂಲ ತಂಡಕ್ಕೂ ತಿಳಿಸಿ.

ಯೂಟ್ಯೂಬಿನಲ್ಲಿ ‘ಈ ಫೈಲ್ ತೆರೆದು ಇಷ್ಟನೇ ಸಾಲು ಬದಲಿಸಿ’ ಎಂದು ಹೇಳಿಕೊಡುವವರನ್ನು ದಯವಿಟ್ಟು ನಂಬಬೇಡಿ. ಬಿಲ್ ಕೆಟ್ಟ ದಿನ ಗಿರಾಕಿಗೆ ಉತ್ತರ ಕೊಡಬೇಕಾದವರು ನೀವು.

ಪ್ರಶ್ನೆ: ಅಪ್‌ಡೇಟ್ ಮಾಡದೇ ಇದ್ದುಬಿಟ್ಟರೆ ತೊಂದರೆ ಇಲ್ಲ ಅಲ್ವಾ?

ಉತ್ತರ: ಇದೆ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯ ಭದ್ರತಾ ದೋಷ ಹೊರಬಿದ್ದಾಗ ಕೆಲವೇ ದಿನಗಳಲ್ಲಿ 2.15, 2.16, 2.17 ಅಂತ ಮೂರು ಆವೃತ್ತಿ ಬಂದವು. ಒಳಗೆ ಕೈಯಾಡಿಸಿದವರು ಮೂರು ಸಲವೂ ತಮ್ಮ ತಿದ್ದುಪಡಿಯನ್ನು ಮತ್ತೆ ಕೂರಿಸಬೇಕು.

ಪ್ರಶ್ನೆ: ಲೈಬ್ರರಿಯೇ ಬೇಡ, ಎಲ್ಲ ನಾವೇ ಬರೆದುಕೊಂಡರೆ?

ಉತ್ತರ: ಪಾಸ್‌ವರ್ಡ್ ಕಾಯುವ ಕೋಡನ್ನೂ ನೀವೇ ಬರೆಯುತ್ತೀರಾ? ಬೇಡ.

ಪ್ರಶ್ನೆ: ವರ್ಡ್‌ಪ್ರೆಸ್ ಥೀಮಿಗೂ ಇದೇ ಮಾತಾ?

ಉತ್ತರ: ಹೌದು. ಮೂಲ ಥೀಮನ್ನು ಮುಟ್ಟದೆ, ಅದರ ಮೇಲೆ ಕೂರುವ ನಿಮ್ಮದೇ ಚೈಲ್ಡ್ ಥೀಮ್ ಮಾಡಿಕೊಂಡು ಅದರಲ್ಲಿ ಬರೆಯಿರಿ.