ಧ್ರುವ ಸಮುದ್ರದ ಝೂಪ್ಲಾಂಕ್ಟನ್ ಮಾನಿಟರಿಂಗ್‌ಗೆ ಮೈಕ್ರೋಸ್ಕೋಪ್ ಕಲಿಯಲೇಬೇಕಾ, ಡಿಎನ್‌ಎ ವಿಧಾನ ಒಂದೇ ಸಾಕಾ?

ಎಂ.ಎಸ್ಸಿ ಮುಗಿದಿದೆ, ಆರ್ಕ್ಟಿಕ್‌ಗೆ ಹೋಗುವ ಅವಕಾಶ ಸಿಗಬಹುದು, ಝೂಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಪುಟ್ಟ ಪ್ರಾಣಿಗಳು) ಎಣಿಸಲು ಈ ಕಾಲದಲ್ಲೂ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಕೂರಬೇಕಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಸ್ವಲ್ಪ ಹೊಟ್ಟೆಯೂ ಉರಿಯಿತು. ನಾನು ಇದೇ ಪ್ರಶ್ನೆಯನ್ನು ಉಲ್ಟಾ ಕೇಳಿಕೊಂಡವನು. ಮೈಕ್ರೋಸ್ಕೋಪ್ ಇರುವಾಗ ಈ ಡಿಎನ್‌ಎ ಗಿಎನ್‌ಎ ಯಾಕೆ ಅಂತ. ಆ ಧಿಮಾಕಿಗೆ ಎರಡು ಬೇಸಿಗೆಯ ಕೆಲಸ ದಂಡ ತೆತ್ತೆ.

ನನ್ನ ಊರು ಮಲ್ಪೆ, ಓದಿದ್ದು ಕಾರವಾರದಲ್ಲಿ. ಕಾಳಿ ಅಳಿವೆಯಲ್ಲಿ ಬಲೆ ಎಳೆದು, ಕೋಪೆಪಾಡ್ (ಸಿಗಡಿಯ ದೂರದ ನೆಂಟನಾದ ಪುಟ್ಟ ಝೂಪ್ಲಾಂಕ್ಟನ್) ಎಣಿಸಿ ಪಳಗಿದ ಕೈ. ನಮ್ಮ ಕಡೆಯ ನೀರಿನಲ್ಲಿ ಜಾತಿ ಬಹಳ, ಒಂದೊಂದೂ ಸಣ್ಣ. ಅಕಾರ್ಷಿಯಾ ಅನ್ನುವ ಕೋಪೆಪಾಡ್ ಅಂದರೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಐದನೇ ಕಾಲಿನ ಆಕಾರ ನೋಡಿ ಜಾತಿ ಹೇಳುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಆ ಹೆಸರೇ ಮುಳುವಾಯಿತು, ಅದನ್ನು ಮುಂದೆ ಹೇಳುತ್ತೇನೆ.

2016ರ ಜುಲೈನಲ್ಲಿ ಮೊದಲ ಸಲ ನಿ-ಓಲೆಸುಂಡ್‌ಗೆ ಹೋದೆ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಪಶ್ಚಿಮ ದಡದಲ್ಲಿ, ಸುಮಾರು 79 ಡಿಗ್ರಿ ಉತ್ತರದಲ್ಲಿರುವ ಹಳೇ ಕಲ್ಲಿದ್ದಲು ಗಣಿಯ ಊರು ಅದು. ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಅಲ್ಲಿದೆ. ಅಮ್ಮನಿಗೆ ಫೋನ್ ಮಾಡಿ ಕೆಲಸ ವಿವರಿಸಿದರೆ, "ಸಮುದ್ರದ ಹೇನು ಎಣಿಸ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲಿ ಇಲ್ವಾ?" ಅಂದರು. ಇಲ್ಲಿಯ ಹೇನು ಬೇರೆ, ಅಲ್ಲಿಯ ಹೇನು ಬೇರೆ ಅಂತ ಹೇಳಲು ಹೋಗಿ ಬಿಟ್ಟುಬಿಟ್ಟೆ.

ನಿಜಕ್ಕೂ ಬೇರೆಯೇ. ಆ ಊರಿನ ಪಕ್ಕದ ಕಡಲ ಕೊಲ್ಲಿ ಕಾಂಗ್ಸ್‌ಫ್ಯೋರ್ಡ್‌ನಲ್ಲಿ ಮೊದಲ ಬಲೆ ಮೇಲೆ ಬಂದಾಗ, ಬಲೆಯ ತುದಿಯ ಬಕೆಟ್‌ನಲ್ಲಿ ಕೆಂಪು ಕುಚ್ಚಲಕ್ಕಿ ಗಂಜಿಯ ಹಾಗೆ ಏನೋ ತುಂಬಿತ್ತು. ಚಮಚದಲ್ಲಿ ತೆಗೆದು ಗಾಜಿನ ಲೋಟಕ್ಕೆ ಹಾಕಿದೆ. ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ಕೋಪೆಪಾಡ್‌ಗಳು, ಹೆಸರು ಕ್ಯಾಲನಸ್, ಮೀಸೆ ಅಗಲಿಸಿ ನಿಧಾನಕ್ಕೆ ಇಳಿದು, ಫಕ್ಕನೆ ಹಾರಿ, ಮತ್ತೆ ಇಳಿಯುತ್ತಿದ್ದವು. ಲೆನ್ಸ್ ಹಿಡಿದು ನೋಡಿದರೆ ಮೈಯೊಳಗೆ ಉದ್ದಕ್ಕೂ ಗಾಜಿನ ಕೊಳವೆಯ ಹಾಗೆ ಹೊಳೆಯುವ ಎಣ್ಣೆಯ ಚೀಲ. ಮಳೆಗಾಲ ಮುಗಿದ ಮೇಲೆ ಬರುವ ಬೂತಾಯಿಯ ಕೊಬ್ಬು ನೋಡಿ ಬೆಳೆದವನಿಗೂ ಇದು ಅತಿ ಅನಿಸಿತು. ಕೆಲವೇ ತಿಂಗಳ ಬೆಳಕಿನಲ್ಲಿ ಪಾಚಿ ತಿಂದು, ಅದನ್ನು ಮೇಣದಂಥ ಕೊಬ್ಬಾಗಿ ಕೂಡಿಟ್ಟುಕೊಂಡು, ಚಳಿಗಾಲ ಪೂರ್ತಿ ಆಳದಲ್ಲಿ ಉಪವಾಸ ಬಿದ್ದಿರುವ ಜೀವ ಅದು. ಆ ಕೊಬ್ಬನ್ನೇ ನಂಬಿ ಮೇಲೆ ಲಿಟಲ್ ಆಕ್ ಹಕ್ಕಿಗಳು ಮರಿ ಸಾಕುತ್ತವೆ.

ಅಲ್ಲಿ ಮುಖ್ಯವಾಗಿ ಮೂರು ಕ್ಯಾಲನಸ್. ಫಿನ್ಮಾರ್ಕಿಕಸ್ ಅಟ್ಲಾಂಟಿಕ್‌ನದ್ದು, ಸಣ್ಣದು, ಸಾಮಾನ್ಯವಾಗಿ ಒಂದೇ ವರ್ಷದ ಆಯುಷ್ಯ. ಗ್ಲೇಸಿಯಾಲಿಸ್ ಆರ್ಕ್ಟಿಕ್ ದಂಡೆಯದ್ದು, ಸ್ವಲ್ಪ ದೊಡ್ಡದು, ಹಲವು ಪಟ್ಟು ಹೆಚ್ಚು ಕೊಬ್ಬು. ಹೈಪರ್ಬೋರಿಯಸ್ ಆಳ ಸಮುದ್ರದ ದೈತ್ಯ, ಎದೆಭಾಗದ ಹಿಂದಿನ ಮೂಲೆ ಚೂಪಾಗಿರುತ್ತದೆ, ಗುರುತು ಸುಲಭ. ತಲೆಬಿಸಿ ಇರುವುದು ಮೊದಲ ಎರಡರಲ್ಲಿ. ಇಡೀ ಮಾನಿಟರಿಂಗ್ ನಿಂತಿರುವುದೂ ಅವೆರಡರ ಮೇಲೆಯೇ. ಕಾಂಗ್ಸ್‌ಫ್ಯೋರ್ಡ್‌ನ ಬಾಯಲ್ಲಿ ತಡೆಗೋಡೆಯಂಥ ದಿಬ್ಬ ಇಲ್ಲ. ಪಶ್ಚಿಮ ಸ್ಪಿಟ್ಸ್‌ಬರ್ಗನ್ ಪ್ರವಾಹದ ಬೆಚ್ಚಗಿನ ಅಟ್ಲಾಂಟಿಕ್ ನೀರು ಒಳನುಗ್ಗುತ್ತದೆ, 2006ರಿಂದೀಚೆಗೆ ಅಲ್ಲಿ ಚಳಿಗಾಲದ ಹಿಮಪದರವೂ ಬಹಳ ಕಡಿಮೆಯಾಗಿದೆ. ಹಾಗಾಗಿ ಎಲ್ಲರೂ ಕೇಳುವುದು ಒಂದೇ: ಕೊಬ್ಬಿದ ಗ್ಲೇಸಿಯಾಲಿಸ್ ಹೋಗಿ, ಸಣಕಲು ಫಿನ್ಮಾರ್ಕಿಕಸ್ ಬರುತ್ತಿದೆಯಾ?

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾನು ಎಲ್ಲ ಸ್ಯಾಂಪಲ್‌ಗಳನ್ನೂ ಫಾರ್ಮಲಿನ್‌ಗೆ (ಕೊಳೆಯದಂತೆ ಇಡುವ ಫಾರ್ಮಾಲ್ಡಿಹೈಡ್ ದ್ರಾವಣ) ಹಾಕಿದೆ.

ಇಷ್ಟೇನಾ ಅನಿಸಬಹುದು. ಇಷ್ಟೇ. ನಾಲ್ಕು ಸ್ಟೇಷನ್, ನಾಲ್ಕು ಆಳ, ಎರಡು ಸುತ್ತು, ಬೇಸಿಗೆಗೆ 32 ಬಾಟಲಿ. ಎರಡು ಬೇಸಿಗೆಗೆ 64. ಅರವತ್ತನಾಲ್ಕಕ್ಕೂ 4% ಫಾರ್ಮಾಲ್ಡಿಹೈಡ್, ಬೊರಾಕ್ಸ್ ಹಾಕಿ ಹದ ಮಾಡಿದ್ದು. ಕಾರವಾರದಲ್ಲಿ ಕೈಗೆ ಕೂತ ಅಭ್ಯಾಸ: ಬಲೆ ತೊಳಿ, ಬಾಟಲಿಗೆ ಸುರಿ, ಫಾರ್ಮಲಿನ್ ಹಾಕು, ಮುಚ್ಚಳ ಬಿಗಿ. ಬೊರಾಕ್ಸ್ ಮರೆಯಲಿಲ್ಲ ಅಂತ ಹೆಮ್ಮೆ ಬೇರೆ. ಅದು ಇಲ್ಲದಿದ್ದರೆ ಫಾರ್ಮಲಿನ್ ಹುಳಿಯಾಗಿ ಲಿಮಾಸಿನಾ ಅನ್ನುವ ತೇಲುವ ಪುಟ್ಟ ಬಸವನಹುಳುವಿನ ಸುಣ್ಣದ ಚಿಪ್ಪು ಕರಗಿಹೋಗುತ್ತದೆ. ಅಷ್ಟೆಲ್ಲ ಗೊತ್ತಿದ್ದವನಿಗೆ ಇದೊಂದು ಹೊಳೆಯಲಿಲ್ಲ.

ಹೊಳೆಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಅದೇ ದೋಣಿಯಲ್ಲಿ ಬೇರೆ ದೇಶದ ಒಬ್ಬ ವಿದ್ಯಾರ್ಥಿನಿ ಇದ್ದಳು. ತನ್ನ ಸ್ಯಾಂಪಲ್ಲನ್ನು ಫೋಲ್ಸಮ್ ಸ್ಪ್ಲಿಟರ್‌ಗೆ ಹಾಕಿ ಸರಿಯಾಗಿ ಎರಡು ಪಾಲು ಮಾಡಿ, ಒಂದಕ್ಕೆ ಫಾರ್ಮಲಿನ್, ಒಂದಕ್ಕೆ 96% ಎಥನಾಲ್ ಹಾಕುತ್ತಿದ್ದಳು. ಎಥನಾಲ್ ಕ್ಯಾನ್ ನನ್ನ ಕಾಲ ಬುಡದಲ್ಲೇ ಇತ್ತು. "ನಿನಗೂ ಬೇಕಾ?" ಅಂತ ಕೇಳಿದಳು. "ಬೇಡ, ಥ್ಯಾಂಕ್ಸ್" ಅಂದೆ. ಯಾಕೆ ಬೇಡ ಅಂದೆ ಅಂತ ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಎಥನಾಲ್‌ನಲ್ಲಿ ಕೋಪೆಪಾಡ್ ಕುಗ್ಗುತ್ತದೆ, ಕಾಲು ಮೀಸೆ ಪಟಪಟ ಮುರಿಯುತ್ತವೆ, ಕಾಲು ನೋಡಿ ಜಾತಿ ಹೇಳುವವನಿಗೆ ಅದು ಅವಮಾನ ಅನ್ನುವುದು ಒಂದು. ಎಥನಾಲ್ ಬೆಂಕಿ ಹಿಡಿಯುವ ಸರಕು, ವಿಮಾನದಲ್ಲಿ ವಾಪಸು ತರಲು ನೂರೆಂಟು ಕಾಗದ ಅನ್ನುವುದು ಇನ್ನೊಂದು. ಕೈ ಮರಗಟ್ಟಿತ್ತು, ಬೇಗ ಮುಗಿದರೆ ಸಾಕಾಗಿತ್ತು ಅನ್ನುವುದು ಮೂರನೆಯದು. ಆದರೆ ನಿಜವಾದ ಕಾರಣ, ನನ್ನ ಕಣ್ಣಿನ ಮೇಲೆ ನನಗಿದ್ದ ನಂಬಿಕೆ. ಅಳತೆಗೋಲು ಇದೆಯಲ್ಲ, ಜಾತಿ ಹೇಳಲು ಡಿಎನ್‌ಎ ಯಾಕೆ?

ಅಳತೆಗೋಲು ಹೀಗೆ. ಐದನೇ ಕೋಪೆಪೊಡೈಟ್ ಹಂತದ (ಪ್ರೌಢವಾಗುವ ಮುಂಚಿನ ಕೊನೆಯ ಹಂತ) ಮರಿಯ ಮುಂಭಾಗದ ಉದ್ದ ಸುಮಾರು 2.9 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಫಿನ್ಮಾರ್ಕಿಕಸ್, ಹೆಚ್ಚಿದ್ದರೆ ಗ್ಲೇಸಿಯಾಲಿಸ್. ಎಷ್ಟೋ ವರ್ಷ ಎಷ್ಟೋ ಮಂದಿ ಹೀಗೇ ವಿಂಗಡಿಸಿದ್ದಾರೆ. ನಾನೂ ಊರಿಗೆ ಬಂದು ಎಣಿಕೆಗೆ ಬಳಸುವ ಬೊಗೊರೊವ್ ಟ್ರೇಯಲ್ಲಿ ಒಂದೊಂದನ್ನೇ ಮಲಗಿಸಿ ಅಳೆದೆ. ಹದಿನಾಲ್ಕು ತಿಂಗಳು. ಚಂದದ ಗ್ರಾಫ್ ಬಂತು, ಎರಡನೇ ಬೇಸಿಗೆಯಲ್ಲಿ ಫಿನ್ಮಾರ್ಕಿಕಸ್ ಜಾಸ್ತಿ! ಅಟ್ಲಾಂಟಿಕ್ ನೀರಿನ ಕಥೆಗೆ ಅಚ್ಚು ಹಾಕಿದ ಹಾಗೆ ಕೂತಿತು. ಬರೆದು ಕಳಿಸಿದೆ.

ರಿವ್ಯೂ ಬಂತು. ಎರಡೇ ಸಾಲು. ಇವು ಫಿನ್ಮಾರ್ಕಿಕಸ್ ಅಂತ ಡಿಎನ್‌ಎ ಮೂಲಕ ದೃಢಪಡಿಸಿದ್ದೀರಾ? ಇಲ್ಲದಿದ್ದರೆ ಸಣ್ಣ ಗ್ಲೇಸಿಯಾಲಿಸ್ ಯಾಕಾಗಿರಬಾರದು?

ಯಾಕಾಗಿರಬಾರದು! ಅಷ್ಟರಲ್ಲಿ, 2017ರಲ್ಲಿ, ಉತ್ತರ ಅಟ್ಲಾಂಟಿಕ್ ಮತ್ತು ಆರ್ಕ್ಟಿಕ್ ಉದ್ದಗಲಕ್ಕೂ ಹಿಡಿದ ಸಾವಿರಾರು ಕ್ಯಾಲನಸ್‌ಗಳ ಡಿಎನ್‌ಎ ನೋಡಿದ ಕೆಲಸ ಹೊರಬಂದಿತ್ತು. ಎರಡು ಜಾತಿಗಳ ಉದ್ದ ಒಂದರ ಮೇಲೊಂದು ಬೀಳುತ್ತದೆ, ಗೆರೆ ಎಳೆಯಲು ಬರುವುದಿಲ್ಲ. ನಾರ್ವೆಯ ಫ್ಯೋರ್ಡ್‌ಗಳಲ್ಲಿ ಯಾರೂ ಊಹಿಸದಷ್ಟು ದಕ್ಷಿಣದಲ್ಲಿ ಗ್ಲೇಸಿಯಾಲಿಸ್ ಇದೆ, ಅದನ್ನು ಇಷ್ಟು ಕಾಲ ಫಿನ್ಮಾರ್ಕಿಕಸ್ ಅಂತಲೇ ಬರೆದುಕೊಂಡು ಬಂದಿದ್ದಾರೆ. ಅಂದರೆ ನನ್ನ ಗ್ರಾಫ್‌ನಲ್ಲಿ ಏರಿದ್ದು ಅಟ್ಲಾಂಟಿಕ್ ಜಾತಿಯೋ, ಆ ವರ್ಷ ಸರಿಯಾಗಿ ಬೆಳೆಯದ ಆರ್ಕ್ಟಿಕ್ ಜಾತಿಯೋ, ಹೇಳುವ ದಾರಿಯೇ ಇಲ್ಲ. ಫಾರ್ಮಾಲ್ಡಿಹೈಡ್ ಡಿಎನ್‌ಎಯನ್ನು ಪ್ರೋಟೀನ್‌ಗೆ ಹೊಲಿದುಬಿಡುತ್ತದೆ, ಚೂರುಚೂರು ಮಾಡುತ್ತದೆ. ಡಿಎನ್‌ಎ ತೆಗೆಯುವ ಮೂರು ಕಿಟ್ ತಂದು ಪ್ರಯತ್ನಿಸಿದೆ. ಜೆಲ್ ಮೇಲೆ ಬ್ಯಾಂಡ್ ಬರಬೇಕಾದ ಜಾಗದಲ್ಲಿ ಬೂದಿ ಒರೆಸಿದ ಹಾಗೆ ಒಂದು ಮಬ್ಬು. ಬಣ್ಣವಾದರೂ ಇದ್ದಿದ್ದರೆ! ಜೀವಂತ ಗ್ಲೇಸಿಯಾಲಿಸ್‌ನ ಮೀಸೆ ಕೆಂಪಗಿರುತ್ತದೆ ಅಂತ ಕೆಲವರು ತೋರಿಸಿದ್ದರು. ಎಲ್ಲ ಕಡೆಯೂ ಅದು ನಂಬಿಕೆಗೆ ಅರ್ಹ ಅಲ್ಲ ಅಂತ ಆಮೇಲೆ ಗೊತ್ತಾಯಿತು, ಆ ಮಾತು ಬೇರೆ. ದೋಣಿಯ ಮೇಲೆ ಆ ಕೆಂಪನ್ನು ನಾನೇ ಕಣ್ಣಾರೆ ನೋಡಿದ್ದೆ, ಒಂದು ಫೋಟೋ ತೆಗೆಯಲಿಲ್ಲ. ಫಾರ್ಮಲಿನ್‌ನಲ್ಲಿ ಎಲ್ಲವೂ ಬಿಳುಚಿಹೋಗಿದ್ದವು.

ಕೊನೆಗೆ ಪೇಪರ್‌ನಲ್ಲಿ ಎರಡನ್ನೂ ಸೇರಿಸಿ "ಕ್ಯಾಲನಸ್ ಪ್ರಭೇದಗಳು" ಅಂತ ಬರೆದೆ. ಹಕ್ಕಿಗೆ ಬೇಕಾದ ಕೊಬ್ಬಿನ ಲೆಕ್ಕ ಹೋಯಿತು, ನೀರು ಬೆಚ್ಚಗಾದ ಕಥೆ ಹೋಯಿತು. ಉಳಿದದ್ದು "ಕೋಪೆಪಾಡ್‌ಗಳು ಇದ್ದವು" ಅನ್ನುವ ಸಂಗತಿ. ಅದು ಅಮ್ಮನಿಗೂ ಗೊತ್ತಿತ್ತು.

ಇಷ್ಟು ಕೇಳಿ "ಹಾಗಾದರೆ ಡಿಎನ್‌ಎಯೇ ಸರಿ" ಅಂತ ನೀವು ತೀರ್ಮಾನಿಸಿದರೆ, ಮಾರಾಯ್ರೆ, ನನ್ನ ಗುಂಡಿಯ ಪಕ್ಕದ ಗುಂಡಿಗೆ ಬೀಳುತ್ತೀರಿ. ನಿಮ್ಮ ಪ್ರಶ್ನೆಯೇ ತಪ್ಪು. ಮೈಕ್ರೋಸ್ಕೋಪಾ ಸೀಕ್ವೆನ್ಸರ್ರಾ (ಡಿಎನ್‌ಎ ಓದುವ ಯಂತ್ರ) ಅನ್ನುವುದು ಲ್ಯಾಬ್‌ನಲ್ಲಿ ಕುಳಿತು ಮಾಡುವ ಚರ್ಚೆ. ಬಲೆ ಮೇಲೆ ಬಂದು ಹತ್ತು ನಿಮಿಷದೊಳಗೆ ಬಾಟಲಿಗೆ ಏನು ಸುರಿಯುತ್ತೀರಿ ಅನ್ನುವುದರಲ್ಲಿ ಆ ಚರ್ಚೆ ಮುಗಿದುಹೋಗಿರುತ್ತದೆ. ಇಡೀ ಸ್ಯಾಂಪಲ್ ರುಬ್ಬಿ ಮೆಟಾಬಾರ್‌ಕೋಡಿಂಗ್ (ಎಲ್ಲ ಜಾತಿಗಳ ಡಿಎನ್‌ಎಯನ್ನು ಒಟ್ಟಿಗೇ ಓದುವುದು) ಮಾಡಿದರೆ ಯಾರ್‍ಯಾರು ಇದ್ದಾರೆ ಅಂತ ಗೊತ್ತಾಗುತ್ತದೆ, ಎಷ್ಟು ಮಂದಿ ಅಂತ ನೆಟ್ಟಗೆ ಗೊತ್ತಾಗುವುದಿಲ್ಲ. ಆರು ನಾಪ್ಲಿಯಸ್ (ಎಳೆಮರಿ) ಹಂತ, ಐದು ಕೋಪೆಪೊಡೈಟ್ ಹಂತ, ಆಮೇಲೆ ಪ್ರೌಢ, ಇವುಗಳಲ್ಲಿ ಯಾವುದು ಎಷ್ಟು ಅಂತ ಸೀಕ್ವೆನ್ಸರ್ ಹೇಳುವುದಿಲ್ಲ. ಮಾನಿಟರಿಂಗ್ ಅಂದರೆ ಘನ ಮೀಟರಿಗೆ ಎಷ್ಟು ಅನ್ನುವ ಲೆಕ್ಕ. ಡಬ್ಲ್ಯುಪಿ-2 ಬಲೆಯ ಬಾಯಿ 0.25 ಚದರ ಮೀಟರ್, 100 ಮೀಟರ್ ನೇರ ಎಳೆದರೆ 25 ಘನ ಮೀಟರ್ ನೀರು. ಆ ಲೆಕ್ಕಕ್ಕೆ ತಲೆ ಎಣಿಸಲೇಬೇಕು, ಬಲೆಯೊಳಗೆ ಹಾದ ನೀರನ್ನು ಅಳೆಯುವ ಫ್ಲೋಮೀಟರ್ ಕಟ್ಟಲೇಬೇಕು. ಬೇಸರವಾದರೆ ಬೇರೆ ವಿಷಯ ಆರಿಸಿಕೊಳ್ಳಿ.

ಈಗ ನಾನು ಮಾಡುವುದು: ಸ್ಪ್ಲಿಟರ್‌ನಲ್ಲಿ ಅರ್ಧ ಅರ್ಧ. ಫಾರ್ಮಲಿನ್ ಪಾಲು ಎಣಿಕೆಗೆ, ಹಂತಕ್ಕೆ. ಎಥನಾಲ್ ಪಾಲಿನಿಂದ ಕ್ಯಾಲನಸ್‌ಗಳನ್ನು ಹೆಕ್ಕಿ, ಮೊದಲು ಫೋಟೋ, ಅಳತೆ, ಆಮೇಲೆ ಒಂದು ಮೀಸೆ ಮಾತ್ರ ಕತ್ತರಿಸಿ ಡಿಎನ್‌ಎಗೆ. ಮೈ ಹಾಗೇ ಉಳಿಯುತ್ತದೆ. ಎಥನಾಲ್ ಧಾರಾಳ ಹಾಕಿ, ಮರುದಿನ ಬದಲಿಸಿ. ಪ್ರಾಣಿಗಳ ಮೈಯ ನೀರೇ ಅದನ್ನು ತೆಳು ಮಾಡಿ ಡಿಎನ್‌ಎ ಕೆಡಿಸುತ್ತದೆ. ವಿಮಾನದ ಕಾಗದಪತ್ರ ಹೊರಡುವ ಮೊದಲೇ ಮಾಡಿಸಿಕೊಳ್ಳಿ.

ಬಲೆ ಯಾವುದು ಅಂತಲೂ ಕೇಳಿದ್ದೀರಿ. ಅಲ್ಲಿ ಹಿಂದಿನವರು ಯಾವುದು ಎಳೆದಿದ್ದಾರೋ ಅದು. 200 ಮೈಕ್ರಾನ್ ಕಣ್ಣಿನ ಬಲೆಯಲ್ಲಿ ಓಯ್ಥೋನಾ ಸಿಮಿಲಿಸ್‌ನಂಥ ಪುಟ್ಟ ಕೋಪೆಪಾಡ್‌ಗಳು ಬಹಳಷ್ಟು ನುಣುಚಿಕೊಳ್ಳುತ್ತವೆ, ಸಂಖ್ಯೆಯಲ್ಲಿ ಅಲ್ಲಿ ಅವುಗಳದ್ದೇ ರಾಜ್ಯ, ನಿಜ. ಹಾಗಂತ ಸಣ್ಣ ಕಣ್ಣಿನ ಬಲೆಗೆ ಬದಲಾಯಿಸಿದರೆ ಹಳೆಯ ವರ್ಷಗಳ ಜೊತೆ ಹೋಲಿಸಲು ಆಗುವುದಿಲ್ಲ. ಬೇಕಿದ್ದರೆ ಎರಡನೇ ಬಲೆ ಸೇರಿಸಿ, ಮೊದಲನೆಯದನ್ನು ಮುಟ್ಟಬೇಡಿ.

ಇನ್ನೊಂದು, ಎಲ್ಲರೂ ಬೇಸಿಗೆಗೇ ಓಡುತ್ತಾರೆ. ಬೆಳಕೇ ಇಲ್ಲದ ಚಳಿಗಾಲದಲ್ಲೂ ಝೂಪ್ಲಾಂಕ್ಟನ್‌ಗಳಲ್ಲಿ ಹಲವು ಮೇಲೆ ಕೆಳಗೆ ಓಡಾಡುತ್ತವೆ, ಹುಣ್ಣಿಮೆಯ ಹೊತ್ತಿಗೆ ಚಂದ್ರನ ಬೆಳಕಿಗೆ ಹೆದರಿ ಆಳಕ್ಕೆ ಇಳಿಯುತ್ತವೆ ಅಂತ ಧ್ವನಿ ಉಪಕರಣಗಳು ತೋರಿಸಿವೆ. 2023ರ ಡಿಸೆಂಬರ್‌ನಿಂದ ಹಿಮಾದ್ರಿಗೆ ಚಳಿಗಾಲದ ತಂಡಗಳೂ ಹೋಗುತ್ತಿವೆ. ಅವಕಾಶ ಸಿಕ್ಕರೆ ಅದನ್ನೇ ಹಿಡಿಯಿರಿ. ಬೇಸಿಗೆಯ ಬಾಟಲಿಗಳು ಎಲ್ಲರ ಕಪಾಟಿನಲ್ಲೂ ಇವೆ, ನನ್ನ ಕಪಾಟಿನಲ್ಲೇ ಅರವತ್ತನಾಲ್ಕು ಇವೆ.

ಚಳಿ ತಡೆಯಬಹುದಾ ಅಂದಿರಿ. ತಡೆಯಬಹುದು. ಒಳಗೆ ತೆಳು ಉಣ್ಣೆಯ ಗ್ಲೌಸ್, ಮೇಲೆ ಒಂದು ಸೈಜ್ ದೊಡ್ಡ ನೈಟ್ರೈಲ್ ಗ್ಲೌಸ್. ಲೇಬಲ್ ಪೆನ್ಸಿಲ್‌ನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಪೆನ್ನಿನ ಶಾಯಿಯನ್ನು ಎಥನಾಲ್ ಅಳಿಸಿಬಿಡುತ್ತದೆ. ಅದೂ ನನಗೆ ಮೂರನೇ ಬೇಸಿಗೆಯಲ್ಲಿ ಗೊತ್ತಾಯಿತು, ಆದರೆ ಆ ಸಲ ಹೋದದ್ದು ಎರಡೇ ಬಾಟಲಿ.