ಬೋಲ್ಟ್ ಕೇಳುವ ಮೊದಲು ತೂತು ಅಳೆಯಿರಿ
ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಹಳೆಯ ಟಾಟಾ 1210. ಸೀಸನ್‌ನಲ್ಲಿ ಕಬ್ಬು ಹೊಡೆಯುತ್ತೇವೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ (ಎಂಜಿನ್ ಹೊಗೆಯನ್ನು ಸೈಲೆನ್ಸರ್ ಪೈಪ್‌ಗೆ ಒಯ್ಯುವ ಎರಕದ ಕೊಳವೆ) ತುದಿಯ ಬೋಲ್ಟ್‌ಗಳು ಪದೇ ಪದೇ ಮುರಿಯುತ್ತಿವೆ. ಲಾರಿ ಹೆಸರು ಹೇಳಿ ತಂದ ಹೊಸ ಬೋಲ್ಟ್ ಎರಡು ಸುತ್ತು ಹೋಗಿ ನಿಲ್ಲುತ್ತದೆ. ಸರಿಯಾದ ಬೋಲ್ಟ್ ಯಾವುದು?
(ಲಾರಿ ಮಾಲೀಕರೊಬ್ಬರು, ಮದ್ದೂರು)

ಉತ್ತರ: ಇಷ್ಟು ಹಳೆಯ ಗಾಡಿಗೆ ಹೆಸರು ಹೇಳಿ ಬೋಲ್ಟ್ ತರಬೇಡಿ. ಆರ್‌ಸಿ ಪುಸ್ತಕದಲ್ಲಿರುವ ಮಾಡೆಲ್ ಒಂದು, ಒಳಗೆ ಕೂತಿರುವ ಎಂಜಿನ್ ಇನ್ನೊಂದು ಆಗಿರಬಹುದು. ಎಂಜಿನ್ ಅದೇ ಇದ್ದರೂ ಹೆಡ್ (ಮ್ಯಾನಿಫೋಲ್ಡ್ ಕೂರುವ, ಎಂಜಿನ್‌ನ ಮೇಲ್ಭಾಗ) ಬದಲಾಗಿರಬಹುದು, ಹಿಂದೆ ಯಾರೋ ಒಂದೆರಡು ತೂತಿಗೆ ದೊಡ್ಡ ಟ್ಯಾಪ್ ಹೊಡೆದು ಅಗಲದ ಥ್ರೆಡ್ ಕೊರೆದಿರಬಹುದು. ಬಿಚ್ಚಿದ ಬೋಲ್ಟನ್ನೇ ಸ್ಯಾಂಪಲ್ ಎಂದು ಅಂಗಡಿಗೆ ಒಯ್ಯುವುದೂ ಅರ್ಧ ಮಾತ್ರ ಸರಿ, ಏಕೆಂದರೆ ಅದೇ ತಪ್ಪು ಬೋಲ್ಟ್ ಆಗಿರಬಹುದು. ಎಂಜಿನ್ ನಂಬರ್ ಕೊಟ್ಟು ಪಾರ್ಟ್ಸ್ ಕ್ಯಾಟಲಾಗ್ ನೋಡಿಸಿ, ಜೊತೆಗೆ ಪ್ರತಿ ತೂತನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ.

ಮೊದಲು ಥ್ರೆಡ್. ಟಾಟಾ ಲಾರಿಗಳು 1954ರಲ್ಲಿ ಡೈಮ್ಲರ್-ಬೆಂಜ್ ಜೊತೆಗೂಡಿ ಶುರುವಾದವು, ಹಾಗಾಗಿ ಅವುಗಳಲ್ಲಿ ಇರಬೇಕಾದದ್ದು ಮಿಲಿಮೀಟರ್ ಥ್ರೆಡ್. ಬ್ರಿಟಿಷ್ ಮೂಲದ ಹಳೆಯ ಲೇಲ್ಯಾಂಡ್ ಎಂಜಿನ್‌ಗಳಲ್ಲಿ ಇಂಚಿನ ಥ್ರೆಡ್ ಸಿಗುತ್ತದೆ. ಅಂಗಡಿಯ ಡಬ್ಬದಲ್ಲಿ ಎರಡೂ ಬೆರೆತಿರುತ್ತವೆ, ಕಣ್ಣಿಗೆ ಒಂದೇ ಥರ ಕಾಣುತ್ತವೆ. 8 ಮಿ.ಮೀ. ಬೋಲ್ಟ್‌ನ ಪಿಚ್, ಅಂದರೆ ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ಅಂತರ, ಸಾಮಾನ್ಯವಾಗಿ 1.25 ಮಿ.ಮೀ. ಇಂಚಿನ 5/16 ಬೋಲ್ಟ್‌ನ ದಪ್ಪ 7.94 ಮಿ.ಮೀ., ದಪ್ಪ ಥ್ರೆಡ್‌ನದಾದರೆ ಇಂಚಿಗೆ 18 ಸುತ್ತು, ಅಂದರೆ ಪಿಚ್ ಸುಮಾರು 1.41. ಅದನ್ನು 8ರ ತೂತಿಗೆ ಇಟ್ಟರೆ ಎರಡು ಮೂರು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. 10 ಮಿ.ಮೀ.ನಲ್ಲಂತೂ 1.5 ಮತ್ತು 1.25 ಎರಡು ಪಿಚ್‌ಗಳು ಬಳಕೆಯಲ್ಲಿವೆ. ಒಂದನ್ನು ಇನ್ನೊಂದರ ತೂತಿಗೆ ಹಾಕಿದರೂ ಇದೇ ಗತಿ. ನಿಮ್ಮ ಬೋಲ್ಟ್ ಎರಡು ಸುತ್ತಿಗೆ ನಿಂತಿರುವುದು ಬಹುಪಾಲು ಹೀಗೆಯೇ. ಅಲ್ಲಿಗೆ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ತಿರುಗಿಸಿದರೆ ಹೆಡ್‌ನ ಥ್ರೆಡ್ ಹೋಗುತ್ತದೆ, ಐವತ್ತು ರೂಪಾಯಿಯ ಕೆಲಸ ಹೆಡ್ ಇಳಿಸುವವರೆಗೆ ಬೆಳೆಯುತ್ತದೆ.

ಸರಿಯಾದ ಬೋಲ್ಟ್ ಬರಿ ಬೆರಳಲ್ಲೇ ಪೂರ್ತಿ ಒಳಗೆ ಹೋಗಬೇಕು. ಪಿಚ್ ಗೇಜ್ ಇಲ್ಲದಿದ್ದರೆ ವರ್ನಿಯರ್‌ನಲ್ಲಿ ಹತ್ತು ಥ್ರೆಡ್ ಅಳೆಯಿರಿ: 12.5 ಮಿ.ಮೀ. ಬಂದರೆ ಪಿಚ್ 1.25, 15 ಬಂದರೆ 1.5. ಇನ್ನೂ ಸುಲಭದ ದಾರಿ, ಅಳತೆ ಗೊತ್ತಿರುವ ಬೋಲ್ಟನ್ನು ಪಕ್ಕದಲ್ಲಿ ಹಲ್ಲಿಗೆ ಹಲ್ಲು ಕೂರಿಸಿ ಬೆಳಕಿಗೆ ಹಿಡಿಯುವುದು. ನಡುವೆ ಸಂದು ಕಾಣಬಾರದು.

ಇನ್ನು ಉದ್ದ. ಹೆಚ್ಚಿನವರು ತಪ್ಪುವುದು ಇಲ್ಲೇ. ಬೀಡಿನ (ಎರಕದ ಕಬ್ಬಿಣದ) ಹೆಡ್‌ನೊಳಗೆ ಬೋಲ್ಟ್ ತನ್ನ ದಪ್ಪದ ಒಂದೂವರೆ ಪಟ್ಟು ಹಿಡಿದಿರಬೇಕು: 8ಕ್ಕೆ 12 ಮಿ.ಮೀ., 10ಕ್ಕೆ 15. ಒಂದು ಲೆಕ್ಕ ನೋಡಿ. ಮ್ಯಾನಿಫೋಲ್ಡ್ ಕಿವಿಯ (ಬೋಲ್ಟ್ ಹಾಯುವ ಚಾಚು) ದಪ್ಪ 20, ಪ್ಯಾಕಿಂಗ್ (ನಡುವಿನ ಗ್ಯಾಸ್ಕೆಟ್) 1.5, ವಾಷರ್ 2.5, ಒಟ್ಟು 24. ಹೆಡ್‌ನ ತೂತಿನ ಆಳ ತಂತಿ ಇಳಿಬಿಟ್ಟು ಅಳೆದರೆ 22. 10ರ ಬೋಲ್ಟ್‌ಗೆ 24 ಕೂಡಿಸು 15, ಕನಿಷ್ಠ 39 ಬೇಕು. 40 ಮಿ.ಮೀ. ಬೋಲ್ಟ್ ಸರಿಹೋಗುತ್ತದೆ. 45 ಹಾಕಿದರೆ ತಳಕ್ಕೆ ಒಂದೇ ಮಿ.ಮೀ. ಉಳಿಯುತ್ತದೆ, ಪ್ಯಾಕಿಂಗ್ ಕೂತ ಮೇಲೆ ಅದನ್ನೂ ನಂಬುವಂತಿಲ್ಲ. ತುದಿ ತಳಕ್ಕೆ ಮುಟ್ಟಿದರೆ ಕೈಗೆ ಟೈಟ್ ಆದಂತೆ ಅನಿಸುತ್ತದೆ, ಮ್ಯಾನಿಫೋಲ್ಡ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಬೋಲ್ಟ್ ಉದ್ದವನ್ನು ತಲೆ ಬಿಟ್ಟು ಅಳೆಯುವುದು ರೂಢಿ, ಅಂಗಡಿಯಲ್ಲಿ ಹಾಗೆಯೇ ಕೇಳಿ. ಕೆಲವು ಎಂಜಿನ್‌ಗಳಲ್ಲಿ ಒಂದೆರಡು ತೂತು ನೇರ ನೀರಿನ ಜಾಕೆಟ್‌ಗೆ (ಎಂಜಿನ್ ತಂಪು ಮಾಡುವ ನೀರಿನ ದಾರಿ) ತೆರೆದಿರುತ್ತದೆ. ಬಿಚ್ಚಿದಾಗ ನೀರು ಜಿನುಗಿದರೆ ಅಂಥ ಥ್ರೆಡ್‌ಗೆ ಬಿಸಿ ತಡೆಯುವ ಸೀಲಂಟ್ ಹಚ್ಚಲೇಬೇಕು.

ಗ್ರೇಡ್, ಅಂದರೆ ಬೋಲ್ಟ್‌ನ ಗಟ್ಟಿತನ: ಕ್ಯಾಟಲಾಗ್ ಬೇರೆ ಹೇಳದಿದ್ದರೆ ತಲೆಯ ಮೇಲೆ 8.8 ಎಂದು ಒತ್ತಿರುವುದನ್ನು ತನ್ನಿ. ಗುರುತೇ ಇಲ್ಲದ ಬೋಲ್ಟ್ ಬಿಸಿಗೆ ಎಳೆದುಕೊಂಡು ಸಡಿಲವಾಗುತ್ತದೆ. ಹಾಗೆಂದು 12.9ರ ಕಪ್ಪು ಅಲೆನ್ ಬೋಲ್ಟ್ ಹಾಕುವುದೂ ಬೇಡ. ಅಷ್ಟು ಗಡಸು ಬೋಲ್ಟ್ ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಸುಲಭಕ್ಕೆ ಕಚ್ಚುವುದಿಲ್ಲ.

ತುದಿಯವೇ ಏಕೆ ಮುರಿಯುತ್ತವೆ? ಒಂದು ಮೀಟರ್ ಉದ್ದದ ಬೀಡು 100 ಡಿಗ್ರಿ ಬಿಸಿಯೇರಿದರೆ ಸುಮಾರು 1.1 ಮಿ.ಮೀ. ಹಿಗ್ಗುತ್ತದೆ. ಲೋಡ್ ಎಳೆಯುವಾಗ ಮ್ಯಾನಿಫೋಲ್ಡ್ ಹೆಡ್‌ಗಿಂತ ಕೆಲವು ನೂರು ಡಿಗ್ರಿ ಹೆಚ್ಚು ಕಾಯುತ್ತದೆ. ಹಿಗ್ಗಿದ್ದು ನಡುವಿನಿಂದ ಎರಡೂ ತುದಿಗೆ ಸರಿಯುತ್ತದೆ. ಆ ಸರಿದಾಟಕ್ಕೆಂದೇ ತುದಿಯ ಕಿವಿಯಲ್ಲಿ ತೂತು ಬೋಲ್ಟ್‌ಗಿಂತ ದೊಡ್ಡದಾಗಿರಬೇಕು. ಮಸಿ, ತುಕ್ಕು ತುಂಬಿ ಆ ಜಾಗ ಮುಚ್ಚಿದರೆ, ಇಲ್ಲವೇ ಅಲ್ಲಿಗೆ ದಪ್ಪ ಬೋಲ್ಟ್ ತುರುಕಿದರೆ, ಮ್ಯಾನಿಫೋಲ್ಡ್ ಬೋಲ್ಟನ್ನು ಅಡ್ಡಕ್ಕೆ ತಳ್ಳಿ ಮುರಿಯುತ್ತದೆ. ಹೊಸ ಬೋಲ್ಟ್ ಹಾಕುವ ಮೊದಲು ಆ ತೂತನ್ನು ಕೆರೆದು ತೆಗೆಯಿರಿ. ಮ್ಯಾನಿಫೋಲ್ಡ್ ಮುಖಕ್ಕೆ ಸ್ಟೀಲ್ ಪಟ್ಟಿ ಇಟ್ಟು ಫೀಲರ್ ಗೇಜ್ (ದಪ್ಪ ಗೊತ್ತಿರುವ ತೆಳು ಎಲೆಗಳ ಕಟ್ಟು) ಹಾಕಿ ನೋಡಿ. 0.25 ಮಿ.ಮೀ. ಎಲೆ ಒಳಗೆ ತೂರಿದರೆ ಮುಖ ಸೊಟ್ಟಗಾಗಿದೆ ಎಂದರ್ಥ. ಮೈಸೂರಿನ ಹೆಬ್ಬಾಳ ಇಲ್ಲವೇ ಮಂಡ್ಯ ಕಡೆಯ ತೂಬಿನಕೆರೆ ಕೈಗಾರಿಕಾ ಪ್ರದೇಶದ ಕಡೆ ಮೆಷಿನ್ ಶಾಪ್‌ನಲ್ಲಿ ಫೇಸಿಂಗ್ ಮಾಡಿಸಿ, ಅಂದರೆ ಮುಖವನ್ನು ಸಮತಟ್ಟು ಮಾಡಿಸಿ. ಸೊಟ್ಟಗಿರುವುದನ್ನು ಬೋಲ್ಟ್ ಬಿಗಿದು ನೆಟ್ಟಗೆ ಮಾಡಲು ಹೋದರೆ ಎಂಥ ಬೋಲ್ಟೂ ಉಳಿಯದು.

ಟೈಟ್ ಮಾಡುವುದು ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ, ಮೊದಲು ಅರ್ಧ ಆಮೇಲೆ ಪೂರ್ತಿ. ಕಂಪನಿ ಪುಸ್ತಕದ ಟಾರ್ಕ್ (ಬಿಗಿಯ ಅಳತೆ) ಸಿಕ್ಕರೆ ಅದೇ ಅಂತಿಮ. ಸಿಗದಿದ್ದರೆ ಕಾಪರ್ ಪೇಸ್ಟ್ ಹಚ್ಚಿದ 8.8 ಬೋಲ್ಟ್‌ಗೆ, 8 ಮಿ.ಮೀ.ಗೆ 2 ಕೆಜಿ-ಮೀಟರ್, 10ಕ್ಕೆ 4 ದಾಟಬೇಡಿ. ಒಂದು ಟ್ರಿಪ್ ಓಡಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ ಅದೇ ಟಾರ್ಕ್‌ಗೆ ನೋಡಿ. ಪ್ಯಾಕಿಂಗ್ ಹಳೆಯದನ್ನೇ ಕೂರಿಸಬೇಡಿ.

ಪ್ರಶ್ನೆ: ಬೋಲ್ಟ್ ಹೆಡ್‌ನೊಳಗೇ ಮುರಿದಿದೆ. ಹೆಡ್ ಇಳಿಸದೆ ತೆಗೆಯಬಹುದೇ?
(ಓದುಗರೊಬ್ಬರು, ನಂಜನಗೂಡು)

ಉತ್ತರ: ತುಂಡು ಸ್ವಲ್ಪವಾದರೂ ಹೊರಗೆ ಚಾಚಿದ್ದರೆ ತೆಗೆಯಬಹುದು. ಹಿಂದಿನ ರಾತ್ರಿಯೇ ರಸ್ಟ್ ಆಯಿಲ್ ಬಿಡಿ. ತುಂಡಿನ ಮೇಲೆ ಒಂದು ನಟ್ ಇಟ್ಟು ಅದರ ತೂತಿನೊಳಗಿಂದ ವೆಲ್ಡ್ ಮಾಡಿಸಿ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ವೈರ್ ಬಿಚ್ಚಿ, ಎಣ್ಣೆ ಒರೆಸಿ, ಡೀಸೆಲ್ ಪೈಪ್ ಮುಚ್ಚಿ, ಎಂಜಿನ್ ಸುತ್ತ ಸಿಕ್ಕಿಕೊಂಡ ಕಬ್ಬಿನ ತರಗನ್ನು ಪೂರ್ತಿ ತೆಗೆಯಿರಿ. ಕೆಂಪು ಆರಿದ ಮೇಲೆ ಸ್ಪ್ಯಾನರ್ ಹಾಕಿ ಒಂದಿಷ್ಟು ಮುಂದಕ್ಕೆ, ಒಂದಿಷ್ಟು ಹಿಂದಕ್ಕೆ ಆಡಿಸುತ್ತಾ ಬಿಚ್ಚಿ. ಒಂದೇ ಎಳೆತಕ್ಕೆ ತಿರುಗಿಸಬೇಡಿ. ವೆಲ್ಡ್ ಕಿತ್ತುಬಂದರೆ ಇನ್ನೊಂದು ನಟ್ ಹಾಕಿಸಿ. ಮೂರನೇ ನಟ್‌ಗೆ ಬಿಟ್ಟುಕೊಡುವುದು ಅಪರೂಪವಲ್ಲ.

ಒಳಗೇ ಮುರಿದಿದ್ದರೆ ನಡುವಿಗೆ ಸರಿಯಾಗಿ ಪಂಚ್ ಹೊಡೆದು, ಸಣ್ಣ ಬಿಟ್‌ನಿಂದ ಶುರುಮಾಡಿ ಕೊರೆಯಬೇಕು. ಈಸಿ-ಔಟ್ (ಮುರಿದ ತುಂಡನ್ನು ತಿರುಗಿಸಿ ತೆಗೆಯುವ ಉಪಕರಣ) ಬಳಸುವಾಗ ಹುಷಾರು: ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್‌ಗೆ ಬಗ್ಗುವುದಿಲ್ಲ. ಥ್ರೆಡ್ ಹೋಗಿದ್ದರೆ ದೊಡ್ಡ ಬೋಲ್ಟ್‌ಗೆ ಹಾರಬೇಡಿ, ಹೆಲಿಕಾಯಿಲ್ (ತಂತಿ ಸುರುಳಿಯ ಹೊಸ ಥ್ರೆಡ್) ಹಾಕಿಸಿ. 8×1.25ಕ್ಕೆ 8.3 ಮಿ.ಮೀ. ಡ್ರಿಲ್, 10×1.5ಕ್ಕೆ 10.4. ಮೂಲ ಅಳತೆಯ ಬೋಲ್ಟೇ ಮತ್ತೆ ಕೂರುತ್ತದೆ.

ಪ್ರಶ್ನೆ: ತುಕ್ಕು ಹಿಡಿಯದ ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ಶಾಶ್ವತವಲ್ಲವೇ?
(ಮೆಕ್ಯಾನಿಕ್ ಒಬ್ಬರು, ಪಾಂಡವಪುರ)

ಉತ್ತರ: ಅಲ್ಲ. ಮಾಮೂಲಿ 304 ಸ್ಟೇನ್‌ಲೆಸ್ ಬೀಡಿನ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಕಾದಾಗ ಬಿಗಿ ಬಿಡುತ್ತದೆ, ಸ್ಟೇನ್‌ಲೆಸ್ ನಟ್ ಹಾಕಿದ್ದರೆ ಥ್ರೆಡ್ ಒಂದಕ್ಕೊಂದು ಅಂಟಿಕೊಂಡು ಜಾಮ್ ಆಗುತ್ತದೆ. ಹೊಳೆಯುವ ಜಿಂಕ್ ಲೇಪನವೂ ಇಲ್ಲಿ ಉಳಿಯುವುದಿಲ್ಲ, ಜಿಂಕ್ 419 ಡಿಗ್ರಿಗೇ ಕರಗುತ್ತದೆ. ನೈಲಾನ್ ಲಾಕ್ ನಟ್ ಕೂಡದು. ಸ್ಟಡ್ (ತಲೆಯಿಲ್ಲದ, ನಟ್ ಹಾಕುವ ಬೋಲ್ಟ್) ಇರುವ ಎಂಜಿನ್ ಆದರೆ ಸ್ಟೀಲ್ ಸ್ಟಡ್‌ಗೆ ಹಿತ್ತಾಳೆ ನಟ್ ಅಥವಾ ತಾಮ್ರ ಲೇಪಿಸಿದ ಲಾಕ್ ನಟ್ ಹಾಕಿ, ಮುಂದಿನ ಸಲ ಬಿಚ್ಚುವಾಗ ಸಲೀಸಾಗಿ ಬರುತ್ತದೆ. ಥ್ರೆಡ್‌ಗೆ ಸಾಮಾನ್ಯ ಗ್ರೀಸ್ ಹಚ್ಚಿದರೆ ಸುಟ್ಟು ಕರಕಲಾಗುತ್ತದೆ, ಕಾಪರ್ ಅಥವಾ ನಿಕಲ್ ಪೇಸ್ಟ್ ಬಳಸಿ.

ಪ್ರಶ್ನೆ: ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕ್ ಟಕ್ ಸದ್ದು, ಬಿಸಿಯಾದ ಮೇಲೆ ಇಲ್ಲ. ಓಡಿಸಬಹುದೇ?
(ಚಾಲಕರೊಬ್ಬರು, ಮೈಸೂರು)

ಉತ್ತರ: ಅದು ಬಹುಪಾಲು ಮ್ಯಾನಿಫೋಲ್ಡ್ ಸಂದಿನಿಂದ ಹೊಗೆ ಲೀಕ್ ಆಗುವ ಸದ್ದು. ಮ್ಯಾನಿಫೋಲ್ಡ್ ಹಿಗ್ಗಿ ಸಂದು ಮುಚ್ಚಿಕೊಳ್ಳುವುದರಿಂದ ಸದ್ದು ನಿಲ್ಲುತ್ತದೆ, ಲೀಕ್ ವಾಸಿಯಾಗಿರುವುದಿಲ್ಲ. ತಣ್ಣಗಿರುವಾಗ ಪ್ಯಾಕಿಂಗ್ ಅಂಚಿನಲ್ಲಿ ಮಸಿಯ ಗೆರೆ ಹುಡುಕಿ, ಲೀಕ್ ಅಲ್ಲೇ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಕ್ಯಾಬಿನ್‌ಗೆ ನುಗ್ಗಿದರೆ ಜೀವಕ್ಕೆ ಅಪಾಯ. ದುರಸ್ತಿ ಆಗುವವರೆಗೆ ಎಂಜಿನ್ ಚಾಲೂ ಇಟ್ಟು ಕ್ಯಾಬಿನ್‌ನಲ್ಲಿ ಮಲಗಲೇಬೇಡಿ. ಇನ್ನೊಂದು ಮಾತು: ಗುಂಡ್ಲುಪೇಟೆ ಕಡೆಯಿಂದ ಲೋಡ್ ತಂದು ನಿಲ್ಲಿಸಿದ ಕೂಡಲೇ ವಾಟರ್ ಸರ್ವಿಸ್‌ಗೆ ಬಿಡಬೇಡಿ. ಕಾದ ಬೀಡಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಮ್ಯಾನಿಫೋಲ್ಡ್ ಕೈಯಲ್ಲಿ ಮುಟ್ಟುವಷ್ಟು ಆರುವವರೆಗೆ ಕಾಯಿರಿ.